ಬೆನ್ನಟ್ಟುವ ಆಟದಲ್ಲಿ ಕಂಡ ತಾಳ್ಮೆಯ ಪಾಠ

ತಾಳ್ಮೆಯನ್ನು ಕುರಿತು ಉಪದೇಶ ಮಾಡುವುದು ಸುಲಭ, ಆಚರಿಸುವುದು ಕಷ್ಟ. ಈ ಮಾತನ್ನು ನಾವು ಅನೇಕ ಸಭೆಗಳಲ್ಲಿ ಕೇಳಿದ್ದೇವೆ. ಕೆಲವೆಡೆ ನಾವೇ ಹೇಳಿಯೂ ಇದ್ದೇವೆ. ಆದರೆ ಅದು ನಮಗೆ ನಿಜವಾಗಿ ಮನದಟ್ಟಾದುದು ಕಳೆದ ಬೇಸಿಗೆಯ ರಜೆಯಲ್ಲಿ, ಮೊಮ್ಮಗನ ಕಂಪ್ಯೂಟರಿನ ಮುಂದೆ ಕುಳಿತಾಗ. ಈ ಮಾತನ್ನು ಕೇಳಿ ಹಿರಿಯ ಓದುಗರು ಹುಬ್ಬೇರಿಸಬಹುದು. ನಡೆದುದನ್ನು ನಡೆದಂತೆಯೇ ನಿವೇದಿಸಿದರೆ ಅವರ ಸಂದೇಹ ಪರಿಹಾರವಾದೀತೆಂದು ನಂಬಿದ್ದೇವೆ.

ಇಂಜಿನಿಯರಿಂಗ್ ಓದುತ್ತಿರುವ, ಇಪ್ಪತ್ತು ತುಂಬಿದ ಮೊಮ್ಮಗ ರಜೆಗೆಂದು ಮನೆಗೆ ಬಂದಿದ್ದ. ರಾತ್ರಿಯ ಪೂಜೆ, ಪ್ರಸಾದ ಮುಗಿದು ಮನೆಯವರೆಲ್ಲ ಮಲಗುವ ಹೊತ್ತಿಗೆ ಅವನ ಕೋಣೆಯಿಂದ ಕೂಗಾಟ ಕೇಳಿಬರುತ್ತಿತ್ತು. "ಓಡೋ ಓಡೋ", "ಬಂದಾ ಬಂದಾ" ಎಂಬ ಮಾತುಗಳು. ನಡುವೆ ಮೇಜನ್ನು ಗುದ್ದಿದ ಸದ್ದು. ಎರಡು ರಾತ್ರಿ ಸಹಿಸಿಕೊಂಡೆವು. ಮೂರನೆಯ ರಾತ್ರಿ ಎದ್ದುಹೋಗಿ, ಒಂದು ಮಾತನ್ನೂ ಆಡದೆ, ಪಡಸಾಲೆಯಲ್ಲಿದ್ದ ವೈಫೈ ಪೆಟ್ಟಿಗೆಯ ಸ್ವಿಚ್ಚನ್ನು ಆರಿಸಿಬಿಟ್ಟೆವು. ಕೂಗಾಟ ನಿಂತಿತು. ನಾವು ಗೆದ್ದೆವೆಂದುಕೊಂಡು ಮಲಗಿದೆವು.

ಮರುದಿನ ಅವನು ನಮ್ಮೊಡನೆ ಮಾತನಾಡಲಿಲ್ಲ. ಅದರ ಮರುದಿನವೂ ಇಲ್ಲ. ಕೊನೆಗೆ ನಾವೇ ಕರೆದು ಕೇಳಿದಾಗ ಅವನು ಹೇಳಿದ್ದು ಇಷ್ಟೆ: "ಅಜ್ಜಾ, ನನಗ ಬೈದಿದ್ರ ನಡೀತಿತ್ತು. ನನ್ನ ಜೋಡಿ ಇನ್ನೂ ಮೂರು ಮಂದಿ ಇದ್ರು. ನಡಕ ಅವರನ್ನ ಬಿಟ್ಟು ಓಡಿಹೋದಂಗ ಆತು."

ಈ ಮಾತು ನಮ್ಮನ್ನು ನಾಟಿತು. ಸಂಗಡಿಗರನ್ನು ನಡುನೀರಿನಲ್ಲಿ ಕೈಬಿಡಬಾರದೆಂದು ಅವನಿಗೆ ಬಾಲ್ಯದಿಂದ ಹೇಳುತ್ತ ಬಂದವರು ನಾವೇ. ಹಾಗಾದರೆ ಆ ಆಟವಾದರೂ ಎಂಥದೆಂದು ತೋರಿಸು ಎಂದು ಅಂದು ರಾತ್ರಿ ಅವನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕುಳಿತೆವು.

ಆಟದ ಸ್ವರೂಪ

ಆಟದ ಹೆಸರು 'ಡೆಡ್ ಬೈ ಡೇಲೈಟ್'. ಕೆನಡಾ ದೇಶದ ಮಾಂಟ್ರಿಯಲ್ ನಗರದ ಬಿಹೇವಿಯರ್ ಇಂಟರಾಕ್ಟಿವ್ ಎಂಬ ಸಂಸ್ಥೆ ಇದನ್ನು ನಿರ್ಮಿಸಿ ೨೦೧೬ರ ಜೂನ್ ತಿಂಗಳಲ್ಲಿ ಹೊರತಂದಿತು. ಐವರು ಕೂಡಿ ಆಡುವ ಆಟ. ಒಬ್ಬನು ಬೆನ್ನಟ್ಟುವವನು, ಉಳಿದ ನಾಲ್ವರು ತಪ್ಪಿಸಿಕೊಳ್ಳುವವರು. ಕತ್ತಲು ಕವಿದ ಬಯಲೊಂದರಲ್ಲಿ ಏಳು ಜನರೇಟರುಗಳು ಕೆಟ್ಟು ನಿಂತಿರುತ್ತವೆ. ಅವುಗಳಲ್ಲಿ ಐದನ್ನು ದುರಸ್ತಿ ಮಾಡಿದರೆ ಹೊರಬಾಗಿಲುಗಳಿಗೆ ವಿದ್ಯುತ್ತು ಬರುತ್ತದೆ; ಬಾಗಿಲು ತೆರೆದು ನಾಲ್ವರೂ ಪಾರಾಗಬೇಕು. ಅಷ್ಟರೊಳಗೆ ಅವರನ್ನು ಹಿಡಿಯುವುದು ಬೆನ್ನಟ್ಟುವವನ ಕೆಲಸ. ಮೊದಲ ಏಟಿಗೆ ಓಡುವವನು ಗಾಯಗೊಳ್ಳುತ್ತಾನೆ, ಎರಡನೆಯದಕ್ಕೆ ನೆಲಕ್ಕೆ ಬೀಳುತ್ತಾನೆ. ಬಿದ್ದವನನ್ನು ಕೊಕ್ಕೆಗೆ ತೂಗುಹಾಕಲಾಗುತ್ತದೆ. ಸಂಗಡಿಗರು ಬಂದು ಬಿಡಿಸಬಹುದು. ಮೂರನೆಯ ಸಲ ಕೊಕ್ಕೆಗೇರಿದವನಿಗೆ ಆಟ ಮುಗಿಯಿತು.

ಇದು ಮಕ್ಕಳ ಆಟವಲ್ಲ. ರಕ್ತ, ಭಯ, ಕ್ರೌರ್ಯದ ದೃಶ್ಯಗಳು ಇದರಲ್ಲಿ ಹೇರಳವಾಗಿವೆ. ಯುರೋಪಿನಲ್ಲಿ ಇದನ್ನು ಹದಿನೆಂಟು ತುಂಬಿದವರಿಗೆ, ಅಮೆರಿಕದಲ್ಲಿ ಹದಿನೇಳು ದಾಟಿದವರಿಗೆ ಎಂದು ವರ್ಗೀಕರಿಸಿದ್ದಾರೆ. ಸಕಲ ಜೀವಿಗಳಿಗೆ ಲೇಸನ್ನೇ ಬಯಸಬೇಕೆಂಬ ಪರಂಪರೆಯಲ್ಲಿ ಬೆಳೆದ ನಮಗೆ ಆ ದೃಶ್ಯಗಳು ಹಿಡಿಸಲಿಲ್ಲ, ಇಂದಿಗೂ ಹಿಡಿಸುವುದಿಲ್ಲ. ಅದನ್ನು ಮೊಮ್ಮಗನಿಗೂ ಮುಚ್ಚುಮರೆಯಿಲ್ಲದೆ ಹೇಳಿದೆವು. ಅವನು ವಾದಿಸಲಿಲ್ಲ. "ಒಮ್ಮೆ ಆಡಿ ನೋಡ್ರಿ, ಆಮ್ಯಾಲೆ ಹೇಳ್ರಿ" ಎಂದ. ಗೆಳೆಯರಷ್ಟೇ ಸೇರಿ ಆಡುವ ಖಾಸಗಿ ಪಂದ್ಯದ ಸೌಕರ್ಯ ಅದರಲ್ಲಿದೆ. ಅಂದು ನಾವು ಸಂಪರ್ಕ ಕಡಿದು ನಡುವೆ ಬಿಟ್ಟುಹೋಗುವಂತೆ ಮಾಡಿದ್ದ ಅದೇ ಮೂವರು ಗೆಳೆಯರನ್ನು ಅವನು ಕರೆಸಿದ. ಕಿವಿಗೆ ಹಾಕಿಕೊಂಡ ಹೆಡ್‌ಫೋನಿನಲ್ಲಿ ಮೂರು ಊರುಗಳಿಂದ ಮೂರು ದನಿಗಳು ಕೇಳಿಸಿದವು: "ಶರಣ್ರಿ ಅಜ್ಜಾರ!" ನಾವು ಮೊದಲು ಅವರ ಕ್ಷಮೆ ಕೇಳಿದೆವು. ಬಳಿಕ ಬೆನ್ನಟ್ಟುವವನ ಪಾತ್ರವನ್ನು ವಹಿಸಿದೆವು.

ಮೊದಲ ಪಂದ್ಯದ ಸೋಲು

ನಾವು ಒಬ್ಬರನ್ನೂ ಹಿಡಿಯಲಿಲ್ಲ. ಕಣ್ಣಿಗೆ ಯಾರಾದರೂ ಬಿದ್ದೊಡನೆ ಗುಂಡಿ ಒತ್ತುತ್ತಿದ್ದೆವು. ಪರದೆಯ ಮೇಲಿನ ಕೈ ಗಾಳಿಯನ್ನು ಬೀಸುತ್ತಿತ್ತು. ಓಡುವವನು ಇನ್ನಷ್ಟು ದೂರ ಹೋಗುತ್ತಿದ್ದ. "ಅಜ್ಜಾ, ನೀವು ಭಾಳ ಲಗೂ ಬೀಸಾಕತ್ತೀರಿ. ತಡೀರಿ. ಇನ್ನೂ ಹತ್ರ ಹೋಗ್ರಿ" ಎಂದು ಮೊಮ್ಮಗ ಪಕ್ಕದಿಂದ ಹೇಳುತ್ತಲೇ ಇದ್ದ. ನಮಗೆ ಕೇಳಿಸುತ್ತಿತ್ತು, ಆದರೆ ಕೈ ಕೇಳುತ್ತಿರಲಿಲ್ಲ.

ಪಂದ್ಯ ಮುಗಿದ ಮೇಲೆ ಅವನು ಕಾಗದದ ಮೇಲೆ ಲೆಕ್ಕ ಬರೆದು ತೋರಿಸಿದ. ಓಡುವವನ ವೇಗ ಸೆಕೆಂಡಿಗೆ ೪ ಮೀಟರ್. ಬೆನ್ನಟ್ಟುವವರಲ್ಲಿ ಹೆಚ್ಚಿನವರ ವೇಗ ೪.೬ ಮೀಟರ್. ಅಂದರೆ ಪ್ರತಿ ಸೆಕೆಂಡಿಗೆ ಅಂತರ ಕಡಿಮೆಯಾಗುವುದು ಕೇವಲ ೦.೬ ಮೀಟರ್. ಹನ್ನೆರಡು ಮೀಟರ್ ಮುಂದಿರುವವನನ್ನು ಬಯಲಿನಲ್ಲಿ ಮುಟ್ಟಲು ಇಪ್ಪತ್ತು ಸೆಕೆಂಡು ಬೇಕು. ಬೀಸಿದ ಏಟು ತಪ್ಪಿತೋ, ಬೆನ್ನಟ್ಟುವವನು ಒಂದೂವರೆ ಸೆಕೆಂಡು ಕಾಲು ಕಿತ್ತಿಡಲಾರದವನಂತೆ ಕುಂದುತ್ತಾನೆ. ಆ ಒಂದೂವರೆ ಸೆಕೆಂಡಿನಲ್ಲಿ ಓಡುವವನು ೬ ಮೀಟರ್ ಓಡಿರುತ್ತಾನೆ. ಹಾಗೆ ಬಿಟ್ಟುಕೊಟ್ಟ ಪ್ರತಿ ೩ ಮೀಟರನ್ನು ಮರಳಿ ಗಳಿಸಲು ೫ ಸೆಕೆಂಡು ತೆರಬೇಕು. "ಒಂದು ಸಲ ಅವಸರ ಮಾಡಿದ್ರ ಇಷ್ಟು ದಂಡ ನೋಡ್ರಿ" ಎಂದು ಅವನು ಪೆನ್ನು ಕೆಳಗಿಟ್ಟ.

ಅವಸರಕ್ಕೆ ದಂಡವುಂಟೆಂಬುದು ನಮಗೆ ಹೊಸದೇನಲ್ಲ. ತಾಳಿದವನು ಬಾಳಿಯಾನು ಎಂಬ ಗಾದೆಯನ್ನು ಹೇಳಿಕೊಂಡೇ ಬೆಳೆದವರು ನಾವು. ಆದರೆ ಆ ದಂಡ ಇಷ್ಟೇ ಎಂದು ಅಳೆದು ತೂಗಿ ತಕ್ಷಣವೇ ಕೈಗಿಡುವ ಗುರುವನ್ನು ಬದುಕಿನಲ್ಲಿ ಕಾಣುವುದು ವಿರಳ. ಬದುಕಿನಲ್ಲಿ ಆಡಿದ ದುಡುಕು ಮಾತಿಗೆ ದಂಡ ತೆರುವುದು ಹತ್ತು ವರ್ಷಗಳ ಅನಂತರ. ಅಷ್ಟು ಹೊತ್ತಿಗೆ ಯಾವ ಮಾತಿನ ದಂಡವಿದು ಎಂಬುದೇ ಮರೆತುಹೋಗಿರುತ್ತದೆ.

ಕಾಯುವುದೂ ಒಂದು ಕ್ರಿಯೆ

ಮುಂದಿನ ರಾತ್ರಿಗಳಲ್ಲಿ ಪಾಠ ಮುಂದುವರಿಯಿತು. ಆ ಬಯಲಿನಲ್ಲಿ ಅಲ್ಲಲ್ಲಿ ಮರದ ಹಲಗೆಯ ಚೌಕಟ್ಟುಗಳನ್ನು ನಿಲ್ಲಿಸಿರುತ್ತಾರೆ. ಓಡುವವನು ಅದನ್ನು ದಾಟಿ ಹಿಂದಿನಿಂದ ಉರುಳಿಸುತ್ತಾನೆ. ಆ ಗಳಿಗೆಯಲ್ಲಿ ಬೆನ್ನಟ್ಟುವವನು ಅದರ ಅಡಿಯಲ್ಲಿದ್ದರೆ ತಲೆಗೆ ಪೆಟ್ಟು ತಿಂದು ಎರಡು ಸೆಕೆಂಡು ಸ್ತಬ್ಧನಾಗುತ್ತಾನೆ. ಉರುಳಿದ ಹಲಗೆಯನ್ನು ಒಡೆಯಲು ಮತ್ತೆ ಎರಡು ಸೆಕೆಂಡಿಗೂ ಮಿಗಿಲು ಕಾಲ ಬೇಕು. ನಾವು ಪ್ರತಿ ಸಲವೂ ನೇರವಾಗಿ ನುಗ್ಗಿ ಪೆಟ್ಟು ತಿನ್ನುತ್ತಿದ್ದೆವು.

ಮೊಮ್ಮಗ ತೋರಿಸಿದ ಉಪಾಯ ಬೇರೆಯದು. ಹಲಗೆಯ ಸಮೀಪಕ್ಕೆ ಬಂದು ಇನ್ನೇನು ಹೊಡೆಯುತ್ತೇವೆ ಎಂಬಂತೆ ತೋರಿ, ಒಂದು ಹೆಜ್ಜೆ ಹಿಂದಕ್ಕೆ ಸರಿಯುವುದು. ಹೆದರಿದವನು ಹಲಗೆಯನ್ನು ಉರುಳಿಸಿಬಿಡುತ್ತಾನೆ. ಅವನ ರಕ್ಷಣೆ ವ್ಯರ್ಥವಾಗುತ್ತದೆ. ನಮಗೆ ಪೆಟ್ಟು ತಗಲುವುದಿಲ್ಲ. ಅವನು ಉರುಳಿಸದೆ ನಿಂತರೆ ಹೊಡೆಯುವ ಅವಕಾಶ ನಮ್ಮದು. ಇಲ್ಲಿ ಒಂದು ಸೂಕ್ಷ್ಮವಿದೆ. ಕಣ್ಣು ಕಂಡುದಕ್ಕೆ ಕೈ ಸ್ಪಂದಿಸಲು ಸಾಮಾನ್ಯ ಮನುಷ್ಯನಿಗೆ ಸುಮಾರು ಕಾಲು ಸೆಕೆಂಡು ಬೇಕಾಗುತ್ತದೆ. ಆದ್ದರಿಂದ ಕೇವಲ ಚುರುಕುತನದಿಂದ ಈ ಆಟ ಗೆಲ್ಲಲಾಗದು. ಎದುರಿನವನು ಈಗ ಏನನ್ನು ಯೋಚಿಸುತ್ತಿದ್ದಾನೆ, ಯಾವುದಕ್ಕೆ ಹೆದರುತ್ತಿದ್ದಾನೆ ಎಂಬುದನ್ನು ಅರಿತು ಕಾಯಬೇಕು. ಕೈ ಸುಮ್ಮನಿದ್ದರೂ ಮನಸ್ಸು ಅಲ್ಲಿಯೇ ಎಚ್ಚರವಾಗಿ ನೆಲೆಸಿರಬೇಕು.

ತಪ್ಪಿಸಿಕೊಳ್ಳುವವರಿಗೂ ಇದೇ ಪರೀಕ್ಷೆ. ಒಬ್ಬನೇ ಕುಳಿತು ಜನರೇಟರನ್ನು ಸರಿಪಡಿಸಲು ಸುಮಾರು ಒಂದೂವರೆ ನಿಮಿಷ ಬೇಕು. ನಡುನಡುವೆ ಗಡಿಯಾರದ ಮುಳ್ಳಿನಂಥದೊಂದು ಪರದೆಯ ಮೇಲೆ ಸುತ್ತುತ್ತದೆ. ಗುರುತು ಮಾಡಿದ ಸಣ್ಣ ಪಟ್ಟಿಯೊಳಗೆ ಅದು ಬಂದಾಗಲೇ ಗುಂಡಿ ಒತ್ತಬೇಕು. ಮುಂಚೆ ಒತ್ತಿದರೂ ತಡವಾಗಿ ಒತ್ತಿದರೂ ಯಂತ್ರ ಸಿಡಿದು, ಆ ಸದ್ದು ಬೆನ್ನಟ್ಟುವವನಿಗೆ ತಿಳಿಯುತ್ತದೆ. ಸಂಗಡಿಗನೊಬ್ಬನು ಕೊಕ್ಕೆಗೇರಿದಾಗ ಪರೀಕ್ಷೆ ಇನ್ನೂ ಕಠಿಣ. ಕರುಳು ಚುರ್ರೆಂದು ಕೂಡಲೇ ಓಡಿದವನು ಅಲ್ಲಿಯೇ ಕಾದುನಿಂತವನ ಕೈಗೆ ತಾನೂ ಸಿಕ್ಕಿಬೀಳುತ್ತಾನೆ. ಹೆದರಿ ಹೋಗದೇ ಉಳಿದರೆ ಸಂಗಡಿಗ ಹೋದ. ಒಂದು ನಿಮಿಷಕ್ಕೂ ಮಿಗಿಲಾದ ಅವಧಿಯಲ್ಲಿ, ಬೆನ್ನಟ್ಟುವವನು ದೂರ ಸರಿದುದನ್ನು ಖಚಿತಪಡಿಸಿಕೊಂಡು ಹೋಗಿ ಬಿಡಿಸಬೇಕು. ಸಹಾಯಕ್ಕೂ ಒಂದು ಸಮಯವುಂಟೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ನಾವು ಬೇರೆಲ್ಲೂ ನೋಡಿರಲಿಲ್ಲ.

ಇನ್ನೊಂದು ಪಾಠವೂ ಉಂಟು. ಕೆಲವೊಮ್ಮೆ ಬೆನ್ನಟ್ಟುವುದನ್ನೇ ಬಿಡಬೇಕು. ಒಬ್ಬ ಚತುರನ ಹಿಂದೆ ಎರಡು ನಿಮಿಷ ಸುತ್ತಿದರೆ, ಅಷ್ಟರಲ್ಲಿ ಉಳಿದ ಮೂವರು ಮೂರು ಜನರೇಟರುಗಳನ್ನು ಸರಿಪಡಿಸಿರುತ್ತಾರೆ. ನಾವು ಹಟಕ್ಕೆ ಬಿದ್ದು ಒಬ್ಬನನ್ನೇ ಅಟ್ಟಿಸಿಕೊಂಡು ಹೋಗಿ ಇಡೀ ಪಂದ್ಯವನ್ನೇ ಕಳೆದುಕೊಂಡ ಪ್ರಸಂಗಗಳು ಒಂದೆರಡಲ್ಲ. ಹಟವನ್ನು ಛಲವೆಂದು ಭ್ರಮಿಸುವುದು ಮನುಷ್ಯನ ಹಳೆಯ ರೋಗ.

ನಮ್ಮ ಬಯಲಿನ ಆಟ

ಆಡುತ್ತ ಆಡುತ್ತ ನಮಗೆ ಹೈಸ್ಕೂಲಿನ ಖೋ-ಖೋ ಬಯಲು ನೆನಪಾಯಿತು. ಎಂಟು ಜನ ಒಂದೇ ಸಾಲಿನಲ್ಲಿ, ಒಬ್ಬರು ಈ ಕಡೆ, ಮುಂದಿನವರು ಆ ಕಡೆ ಮುಖ ಮಾಡಿ ಕುಳಿತಿರುತ್ತಾರೆ. ಒಂಬತ್ತನೆಯವನು ಬೆನ್ನಟ್ಟುವವನು. ಅವನು ಹಿಡಿದ ದಿಕ್ಕನ್ನು ನಡುವೆ ಬದಲಿಸುವಂತಿಲ್ಲ, ಕುಳಿತವರ ನಡುವೆ ನುಸುಳುವಂತಿಲ್ಲ. ಓಡುವವರಿಗೋ ಎಲ್ಲ ದಾರಿಯೂ ಮುಕ್ತ. ಹಾಗಿದ್ದೂ ಬೆನ್ನಟ್ಟುವ ತಂಡ ಗೆಲ್ಲುವುದು ಸರಿಯಾದ ಗಳಿಗೆಯಲ್ಲಿ ಕೊಟ್ಟ 'ಖೋ'ದಿಂದ. ಒಂದು ಹೆಜ್ಜೆ ಮುಂಚೆ ಖೋ ಕೊಟ್ಟರೆ ಓಡುವವನು ತಿರುಗಿಬಿಡುತ್ತಾನೆ. ಒಂದು ಹೆಜ್ಜೆ ತಡವಾದರೆ ದಾಟಿಹೋಗಿರುತ್ತಾನೆ. ಕುಳಿತವನ ಕೆಲಸ ಇನ್ನೂ ಹಿರಿದು. ಅವನು ಅಲುಗಾಡದೆ ಕುಳಿತಿದ್ದರೂ ಬೆನ್ನ ಹಿಂದೆ ಖೋ ಕೇಳಿದ ಕ್ಷಣವೇ ಚಿಮ್ಮಬೇಕು. ೨೦೨೫ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ-ಖೋ ವಿಶ್ವಕಪ್ಪಿನಲ್ಲಿ ಭಾರತದ ಪುರುಷರೂ ಮಹಿಳೆಯರೂ ನೇಪಾಳ ತಂಡಗಳನ್ನು ಸೋಲಿಸಿ ಪ್ರಶಸ್ತಿ ಗೆದ್ದುದು ನಮಗೆಲ್ಲ ಹೆಮ್ಮೆಯ ಸಂಗತಿ.

ಕಂಪ್ಯೂಟರ್ ಆಟಗಳಲ್ಲಿಯೂ ಬೆನ್ನಟ್ಟುವಿಕೆ ಹೊಸದಲ್ಲ. ೧೯೮೦ರಲ್ಲಿ ಜಪಾನಿನ ನಾಮ್ಕೋ ಸಂಸ್ಥೆಯ ತೋರು ಇವಾಟಾನಿಯವರು ರೂಪಿಸಿದ 'ಪ್ಯಾಕ್‌ಮ್ಯಾನ್' ಆಟದಲ್ಲಿ ನಾಲ್ಕು ಭೂತಗಳು ಒಂದು ಹಳದಿ ಬಾಯಿಯನ್ನು ಅಟ್ಟಿಸಿಕೊಂಡು ಬರುತ್ತವೆ. ಮೂಲೆಯ ದೊಡ್ಡ ಗುಳಿಗೆಯನ್ನು ನುಂಗಿದರೆ ಕೆಲವೇ ಸೆಕೆಂಡುಗಳ ಕಾಲ ಆಟ ತಿರುವುಮುರುವಾಗಿ, ಭೂತಗಳೇ ಓಡತೊಡಗುತ್ತವೆ. ಹೆದರಿಕೆಯಿಂದ ಬೇಗನೆ ನುಂಗಿದವನಿಗೆ ಆ ಸೆಕೆಂಡುಗಳು ಬರಿದಾಗುತ್ತವೆ. ನಾಲ್ಕೂ ಹತ್ತಿರ ಬರುವವರೆಗೆ ತಾಳಿ ನುಂಗಿದವನಿಗೆ ಪೂರ್ಣ ಫಲ. ಆಟದ ವೇಷ ಬದಲಾಗಿದೆ, ಒಳಗಿನ ನೀತಿ ಬದಲಾಗಿಲ್ಲ.

ಶರಣರು ಕಂಡ ಅವಧಾನ

ನಮ್ಮ ಷಟ್‌ಸ್ಥಲ ಸಿದ್ಧಾಂತದಲ್ಲಿ ಪ್ರಸಾದಿ ಸ್ಥಲಕ್ಕೆ ಹೇಳಿದ ಭಕ್ತಿ ಅವಧಾನಭಕ್ತಿ. ಶ್ರದ್ಧೆ ಮತ್ತು ನಿಷ್ಠೆಗಳ ಅನಂತರದ ಮೆಟ್ಟಿಲು ಅದು. ಬಂದುದನ್ನು ಬಂದಂತೆ ಬಾಚಿಕೊಳ್ಳದೆ, ಎಚ್ಚರದಿಂದ ನೋಡಿ, ಅರ್ಪಿಸಿ, ಬಳಿಕ ಸ್ವೀಕರಿಸುವ ಸ್ಥಿತಿ. ಅಂಗೈಯ ಇಷ್ಟಲಿಂಗದಲ್ಲಿ ದೃಷ್ಟಿ ನೆಟ್ಟು ಕುಳಿತವರಿಗೆ ಗೊತ್ತಿದೆ: ಹೊರಗೆ ನೋಡುವವರಿಗೆ ಏನೂ ನಡೆಯದಂತೆ ಕಾಣುವ ಆ ಹೊತ್ತಿನಲ್ಲಿ ಒಳಗೆ ಎಷ್ಟೊಂದು ದುಡಿಮೆ ನಡೆದಿರುತ್ತದೆಂದು. ಮನಸ್ಸು ಸಾವಿರ ಸಲ ಜಾರುತ್ತದೆ, ಸಾವಿರ ಸಲ ಹಿಂತಿರುಗಿಸಬೇಕು.

ಆಟವನ್ನು ಪೂಜೆಯ ಸಾಲಿಗೆ ಸೇರಿಸುತ್ತಿದ್ದೇವೆಂದು ಯಾರೂ ತಿಳಿಯಬಾರದು. ಆಟದ ತಾಳ್ಮೆ ಗೆಲ್ಲುವುದಕ್ಕಾಗಿ. ಎದುರಿನವನ ಭಯವನ್ನು ಬಳಸಿಕೊಳ್ಳುವುದಕ್ಕಾಗಿ. ಪೂಜೆಯ ತಾಳ್ಮೆ ತನ್ನನ್ನು ತಾನು ಗೆಲ್ಲುವುದಕ್ಕಾಗಿ. ಇವೆರಡರ ನಡುವಿನ ಅಂತರ ಭೂಮಿ ಆಕಾಶಗಳಷ್ಟು. ಆದರೂ ಕೈಯ ದುಡುಕನ್ನು ಮನಸ್ಸು ತಡೆಯುವ ಆ ಒಂದು ಕ್ಷಣ ಎರಡೆಡೆಯೂ ಒಂದೇ. ಪೂಜೆಗೆ ಕುಳಿತರೆ ಐದು ನಿಮಿಷದಲ್ಲಿ ಎದ್ದುಬಿಡುವ ಹುಡುಗನಿಗೆ ಈ ಕ್ಷಣದ ಪರಿಚಯವಾದರೂ ಇದೆಯೆಂದು ತಿಳಿದಾಗ ನಮಗೆ ಭರವಸೆ ಮೂಡಿತು. ಅವನೊಡನೆ ಅವಧಾನದ ಬಗೆಗೆ ಮಾತನಾಡಲು ನಮಗೊಂದು ಭಾಷೆ ದೊರಕಿತು.

ಹೆತ್ತವರು ಗಮನಿಸಬೇಕಾದುದು

ಇಷ್ಟು ಹೇಳಿದ ಮೇಲೆ ಎಚ್ಚರಿಕೆಯ ನಾಲ್ಕು ಮಾತುಗಳನ್ನು ಹೇಳದೆ ಹೋದರೆ ಕರ್ತವ್ಯಲೋಪವಾದೀತು.

ಮೊದಲನೆಯದು ವಯಸ್ಸು. ಆಟದ ಮೇಲೆ ನಮೂದಿಸಿದ ವಯೋಮಿತಿಯನ್ನು ನೋಡಿಯೇ ಮಕ್ಕಳಿಗೆ ಅನುಮತಿ ಕೊಡಬೇಕು. ಚಿಕ್ಕವರಿಗೆ ಇಂಥ ಭಯಾನಕ ಆಟ ಸಲ್ಲದು. ಅವರಿಗೆ ಖೋ-ಖೋ ಬಯಲೇ ಲೇಸು.

ಎರಡನೆಯದು ಮಿತಿ. ವಿಶ್ವ ಆರೋಗ್ಯ ಸಂಸ್ಥೆಯು ೨೦೨೨ರಿಂದ ಜಾರಿಗೆ ಬಂದ ತನ್ನ ರೋಗಗಳ ಪಟ್ಟಿಯಲ್ಲಿ ಆಟದ ಗೀಳನ್ನೂ ಸೇರಿಸಿದೆ. ಆಟದ ಮೇಲೆ ಹತೋಟಿ ತಪ್ಪುವುದು, ಓದು ಊಟ ನಿದ್ರೆಗಳಿಗಿಂತ ಆಟವೇ ಮುಂದಾಗುವುದು, ಹಾನಿಯಾಗುತ್ತಿದ್ದರೂ ಬಿಡಲಾಗದಿರುವುದು ಇದರ ಲಕ್ಷಣಗಳು. ಇಂಥವರ ನೆರವಿಗೆಂದೇ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ೨೦೧೪ರಲ್ಲಿ 'ಶಟ್' ಎಂಬ ಚಿಕಿತ್ಸಾಲಯ ಆರಂಭವಾಯಿತು. ಸಂಕೋಚಪಡದೆ ತಜ್ಞರ ಸಲಹೆ ಪಡೆಯುವುದು ಒಳಿತು.

ಮೂರನೆಯದು ಹಣ. ಪಣವೊಡ್ಡಿ ಆಡುವ ಆನ್‌ಲೈನ್ ಆಟಗಳನ್ನು ೨೦೨೫ರ ಆಗಸ್ಟ್ ತಿಂಗಳಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆ ನಿಷೇಧಿಸಿದೆ. ನಾವು ಹೇಳಿದ ಆಟ ಪಣದ ಆಟವಲ್ಲ; ಆದರೂ ಹೊಸ ವೇಷಗಳನ್ನೂ ಹೊಸ ಪಾತ್ರಗಳನ್ನೂ ಅದರೊಳಗೆ ಹಣಕ್ಕೆ ಮಾರುತ್ತಾರೆ. ಕಾಯಕದಿಂದ ಬಂದ ಹಣ ಎಲ್ಲಿಗೆ ಹೋಗುತ್ತಿದೆ ಎಂಬ ಎಚ್ಚರ ಮನೆಯವರಿಗೆ ಇರಬೇಕು.

ನಾಲ್ಕನೆಯದು ಹಿರಿಯರಿಗೆ. ಇಂಥ ಆಟದ ಒಂದು ಪಂದ್ಯ ಸಾಮಾನ್ಯವಾಗಿ ಹತ್ತು ಹದಿನೈದು ನಿಮಿಷಗಳಲ್ಲಿ ಮುಗಿಯುತ್ತದೆ. ನಡುವೆ ಎದ್ದುಹೋದರೆ ಸಂಗಡಿಗರಿಗೆ ನಷ್ಟ. ಎದ್ದವನಿಗೆ ಕೆಲಕಾಲ ಹೊಸ ಪಂದ್ಯಕ್ಕೆ ಪ್ರವೇಶವಿಲ್ಲದಂತೆ ದಂಡನೆಯೂ ಉಂಟು. ಆದ್ದರಿಂದ ಊಟಕ್ಕೆ ಕರೆಯುವಾಗ "ಈಗಿಂದೀಗ ಏಳು" ಎನ್ನುವ ಬದಲು "ಈ ಪಂದ್ಯ ಮುಗಿಸಿ ಬಾ, ಮತ್ತೊಂದು ಸುರು ಮಾಡಬ್ಯಾಡ" ಎಂದು ಹೇಳಿ ನೋಡಿರಿ. ನಮ್ಮ ಮನೆಯಲ್ಲಿ ಊಟದ ಹೊತ್ತಿನ ಜಗಳ ಈ ಒಂದು ಮಾತಿನಿಂದ ನಿಂತಿತು. ರಾತ್ರಿ ಹತ್ತೂವರೆಗೆ ಕೊನೆಯ ಪಂದ್ಯ ಎಂಬ ಒಪ್ಪಂದಕ್ಕೂ ಅವನು ತಾನಾಗಿಯೇ ಒಪ್ಪಿದ.

ಕಾದುದರ ಫಲ

ಕೊನೆಯದಾಗಿ, ಈ ಲೇಖನವನ್ನು ಬರೆಯಲು ಪ್ರೇರಣೆಯಾದ ಸಂಗತಿ. ಮೊಮ್ಮಗ ಎರಡು ವಿಷಯಗಳಲ್ಲಿ ಅನುತ್ತೀರ್ಣನಾಗಿದ್ದಾನೆಂಬುದು ಅವನ ತಾಯಿಯ ಮೂಲಕ ನಮಗೆ ಮೊದಲೇ ತಿಳಿದಿತ್ತು. ಅವನು ಯಾರೊಡನೆಯೂ ಬಾಯಿಬಿಟ್ಟಿರಲಿಲ್ಲ. ಅವನು ಬಂದ ದಿನವೇ ಊಟದ ವೇಳೆ ಎಲ್ಲರೆದುರಿಗೆ ಕೇಳಿಬಿಡಬೇಕೆಂದು ನಾವು ಮನಸ್ಸಿನಲ್ಲಿ ಮಾತುಗಳನ್ನು ಜೋಡಿಸಿಟ್ಟುಕೊಂಡಿದ್ದೆವು. ನೆಂಟರು ಬಂದುದರಿಂದ ಅಂದು ಆಗಲಿಲ್ಲ. ವೈಫೈ ಆರಿಸಿದ ರಾತ್ರಿ ನಮ್ಮ ಕೈಯನ್ನು ನಡೆಸಿದ್ದೂ ಅದೇ ಸಿಟ್ಟೇ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇವೆ.

ಆಡಲು ಕುಳಿತ ಮೇಲೆ ಆ ಪ್ರಶ್ನೆ ದಿನವೂ ನಾಲಗೆಯ ತುದಿಗೆ ಬರುತ್ತಿತ್ತು. ದಿನವೂ ನುಂಗಿಕೊಂಡೆವು. ಇನ್ನೂ ಹತ್ತಿರ ಹೋಗಬೇಕು ಎಂದು ನಮಗೆ ನಾವೇ ಹೇಳಿಕೊಂಡೆವು. ಆರನೆಯ ರಾತ್ರಿ ಎರಡು ಪಂದ್ಯಗಳ ನಡುವೆ, ಗೆಳೆಯರ ಸಂಪರ್ಕವನ್ನು ನಿಲ್ಲಿಸಿ, ಪರದೆಯನ್ನೇ ನೋಡುತ್ತ ಅವನೇ ಹೇಳಿದ: "ಅಜ್ಜಾ, ಎರಡು ಸಬ್ಜೆಕ್ಟ್ ಹೋಗ್ಯಾವ. ಪೇಪರ್ ನೋಡಿದ ಕೂಡಲೇ ಗಾಬರಿಯಾಗಿ ಬರದುಬಿಡ್ತೀನಿ, ಪ್ರಶ್ನೆ ಪೂರ್ತಿ ಓದೂದೇ ಇಲ್ಲ."

ನಾವು ತಕ್ಷಣ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಬಳಿಕ, "ನೀನೂ ನನ್ನಂಗ ಭಾಳ ಲಗೂ ಬೀಸ್ತೀ ಅನ್ನು" ಎಂದೆವು. ಅವನು ನಕ್ಕ. ಅನೇಕ ದಿನಗಳಲ್ಲಿ ಅವನು ನಕ್ಕುದು ಅದೇ ಮೊದಲು. ಮರುದಿನ ಬೆಳಿಗ್ಗೆ ಹಳೆಯ ಪ್ರಶ್ನೆಪತ್ರಿಕೆಗಳನ್ನು ತಂದು ನಮ್ಮ ಮುಂದಿಟ್ಟ. ಬರೆಯುವ ಮುನ್ನ ಐದು ನಿಮಿಷ ಪೆನ್ನು ಮುಟ್ಟದೆ ಪ್ರಶ್ನೆಗಳನ್ನಷ್ಟೇ ಓದುವುದೆಂದು ಇಬ್ಬರೂ ನಿಶ್ಚಯಿಸಿದೆವು.

ಆ ಎರಡು ವಿಷಯಗಳ ಫಲಿತಾಂಶ ಇನ್ನೂ ಬರಬೇಕಾಗಿದೆ. ಅದು ಏನೇ ಇರಲಿ, ಮೊದಲ ದಿನವೇ ಎಲ್ಲರೆದುರಿಗೆ ನಾವು ಆ ಮಾತನ್ನು ಬೀಸಿದ್ದರೆ ಅವನು ಎಷ್ಟು ದೂರ ಓಡಿಹೋಗುತ್ತಿದ್ದನೆಂದು, ಆ ಅಂತರವನ್ನು ಮುಚ್ಚಲು ನಮಗೆಷ್ಟು ವರ್ಷಗಳು ಬೇಕಾಗುತ್ತಿದ್ದವೆಂದು ಯೋಚಿಸಿದರೆ ಇಂದಿಗೂ ಎದೆ ನಡುಗುತ್ತದೆ. ಸಮಸ್ತ ಶರಣ ಬಂಧುಗಳ ಮನೆಗಳಲ್ಲಿ ಹಿರಿಯರಿಗೂ ಕಿರಿಯರಿಗೂ ಕಾದು ಮಾತನಾಡುವ ಅವಧಾನ ಲಭಿಸಲಿ ಎಂದು ಹಾರೈಸುತ್ತೇವೆ. ಶರಣು ಶರಣಾರ್ಥಿ.